ಮೂಕಿ ಎತ್ತಿ ನಿಲ್ಲಿಸಿದ ಚಕ್ಕಡಿ: ರಾಯಬಾಗ ಸೀಮೆಯ ಬಯಲು ಸಿನೆಮಾ ಕುರಿತು ಒಂದು ಟಿಪ್ಪಣಿ

ಈ ಟಿಪ್ಪಣಿಗೆ ಕಾರಣ ಒಂದು ಫೋಟೋ. ಬೆಳಗಾವಿ ಜಿಲ್ಲೆಯ ಪಾಲಬಾವಿಯಲ್ಲಿ ಹುಟ್ಟಿ, ಈಗ ಅಮೆರಿಕದಲ್ಲಿ ನೆಲೆಸಿರುವ ನನ್ನ ಬಂಧುವೊಬ್ಬರು ಮನೆಯ ನೆಲಮಾಳಿಗೆಯಲ್ಲಿ ಮಾದರಿ ರೈಲುಮಾರ್ಗ ಕಟ್ಟಿಕೊಂಡಿದ್ದಾರೆ. ಮೇಜಿನ ಮೇಲೆ ಹಳಿ, ಹಳಿಯಾಚೆ ಸಣ್ಣದೊಂದು ಊರು, ಊರಿನ ಅಂಚಿಗೆ ಅಂಗೈಯಗಲದ ಬಿಳಿ ಪಡದೆ. ಪಡದೆಯ ಎದುರು ಬೆರಳುದ್ದದ ಕಾರುಗಳು ಅರ್ಧಚಂದ್ರಾಕಾರದ ಸಾಲುಗಳಲ್ಲಿ ನಿಂತಿವೆ. ಅದು ಡ್ರೈವ್-ಇನ್ ಥಿಯೇಟರು. ಅಲ್ಲಿ ಮಾದರಿ ರೈಲು ಕಟ್ಟುವವರಲ್ಲಿ ಹಲವರು ತಮ್ಮ ಬಾಲ್ಯದ ಊರನ್ನೇ ಕಟ್ಟುತ್ತಾರೆ. ಹಾಗಾಗಿ ಆ ಕಾಲದ ಡ್ರೈವ್-ಇನ್ ಅವರ ಮೇಜುಗಳ ಮೇಲೆ ಮತ್ತೆ ಮತ್ತೆ ಕಾಣಿಸುತ್ತದೆ.

ಫೋಟೋದ ಜೊತೆ ಬಂಧು ಒಂದು ಪ್ರಶ್ನೆಯನ್ನೂ ಕಳಿಸಿದ್ದರು. ಮುಂದಿನ ಮೇಜಿನ ಮೇಲೆ ಮಿರಜ–ಲೋಂಡಾ ಮಾರ್ಗವನ್ನು ಮೀಟರ್‌ಗೇಜ್ ಕಾಲದಲ್ಲಿದ್ದಂತೆ ಕಟ್ಟಬೇಕೆಂದಿದ್ದಾರೆ. ರಾಯಬಾಗ, ಚಿಂಚಲಿ ಸ್ಟೇಷನ್ನುಗಳು ಬರುತ್ತವೆ. ಈ ಮೇಜಿನಲ್ಲಿ ಡ್ರೈವ್-ಇನ್ ಇರುವ ಜಾಗದಲ್ಲಿ ಆ ಮೇಜಿನ ಮೇಲೆ ಏನನ್ನಿಡಬೇಕು?

ತಕ್ಷಣಕ್ಕೆ ನಾನು ಕೊಟ್ಟ ಉತ್ತರ, ಟೂರಿಂಗ್ ಟಾಕೀಜಿನ ಡೇರೆ. ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಎರಡು ವಾರ ಇದರ ಹಿಂದೆ ಬಿದ್ದ ಮೇಲೆ ಆ ಉತ್ತರವನ್ನು ಹಿಂದಕ್ಕೆ ಪಡೆದೆ. ಯಾಕೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ಡ್ರೈವ್-ಇನ್ ಎಂದರೇನು ಎಂಬುದನ್ನು ಸರಿಯಾಗಿ ತಿಳಿಯಬೇಕು. ಬೆಂಗಳೂರಿನವರಿಗೆ ಆ ಶಬ್ದ ಕೇಳಿದರೆ ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲಿನ ದೋಸೆ ನೆನಪಾಗುತ್ತದೆ. ಅದು ಉಪಾಹಾರದ ಮಾತು. ಸಿನೆಮಾದ ಡ್ರೈವ್-ಇನ್ ಅಮೆರಿಕದ ನ್ಯೂಜೆರ್ಸಿಯಲ್ಲಿ, ಕ್ಯಾಮ್ಡೆನ್ ಪಟ್ಟಣದ ಹತ್ತಿರ, 1933ರ ಜೂನ್ 6ರಂದು ಶುರುವಾಯಿತು. ಶುರು ಮಾಡಿದವನು ರಿಚರ್ಡ್ ಹಾಲಿಂಗ್ಸ್‌ಹೆಡ್. ಮೊದಲು ಅವನು ತನ್ನ ಮನೆಯಂಗಳದ ಎರಡು ಮರಗಳ ನಡುವೆ ಬಟ್ಟೆ ಕಟ್ಟಿ, ಕಾರಿನ ಮೇಲೆ ಪ್ರೊಜೆಕ್ಟರ್ ಇಟ್ಟು ಪ್ರಯೋಗ ಮಾಡಿದ್ದ. ತೆರೆದ ಬಯಲಲ್ಲಿ ಚಿತ್ರ ತೋರಿಸುವುದೇನೂ ಹೊಸದಾಗಿರಲಿಲ್ಲ. ಅವನಿಗೆ ಎದುರಾದ ತೊಡಕು ಬೇರೆ. ಒಂದು ಕಾರಿನ ಹಿಂದೆ ಇನ್ನೊಂದು ಕಾರು ನಿಂತರೆ ಹಿಂದಿನವರಿಗೆ ಮುಂದಿನ ಕಾರಿನ ನೆತ್ತಿ ಮಾತ್ರ ಕಾಣುತ್ತದೆ. ಅದಕ್ಕಾಗಿ ಪ್ರತಿ ಸಾಲಿಗೂ ಮಣ್ಣಿನ ದಿಬ್ಬ ಕಟ್ಟಿ, ಕಾರಿನ ಮುಂಗಾಲಿಗಳನ್ನು ಅದರ ಮೇಲೆ ಹತ್ತಿಸಿ, ಮೂತಿ ಮೇಲಾಗುವಂತೆ ನಿಲ್ಲಿಸಿದ. 1933ರ ಮೇ 16ರಂದು ಅವನಿಗೆ ಸಿಕ್ಕ ಪೇಟೆಂಟಿನ ತಿರುಳು ಈ ದಿಬ್ಬ. ಮುಂದೆ ನ್ಯಾಯಾಲಯ ಪೇಟೆಂಟನ್ನು ತಳ್ಳಿಹಾಕಿತು. ಆಮೇಲೆ ಡ್ರೈವ್-ಇನ್‌ಗಳು ಊರೂರಿಗೂ ಹಬ್ಬಿದವು. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಅವುಗಳ ಸಂಖ್ಯೆ 4,000 ದಾಟಿತ್ತು.

ಹಾಲಿಂಗ್ಸ್‌ಹೆಡ್‌ನ ದಿಬ್ಬ ಓದುಗರ ನೆನಪಿನಲ್ಲಿರಲಿ.

ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಿದ್ದು ಕಡಿಮೆ. 1973ರಲ್ಲಿ ಶುರುವಾದ ಅಹಮದಾಬಾದಿನ ಡ್ರೈವ್-ಇನ್ 665 ಕಾರುಗಳಿಗೆ ಜಾಗವಿದ್ದಂಥದು. ಚೆನ್ನೈನ ಪೂರ್ವ ಕರಾವಳಿ ರಸ್ತೆಯಲ್ಲೂ ಒಂದಿತ್ತು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಆಗ ಇದ್ದದ್ದು ಚಕ್ಕಡಿ. ಕಾರು ಇರದ ನಾಡಿನಲ್ಲಿ ಕಾರಿನ ಥಿಯೇಟರು ಯಾಕೆ ಹುಟ್ಟೀತು ಎಂದು ಹೇಳಿ ಇಲ್ಲಿಗೇ ಮಾತು ಮುಗಿಸಬಹುದಿತ್ತು. ಹಾಗೆ ಮುಗಿಸಿದರೆ ಚಕ್ಕಡಿಗೆ ಅನ್ಯಾಯವಾಗುತ್ತದೆ.

ಬಂಧು ಕೇಳಿದ್ದು ರೈಲಿನ ಮಾದರಿಗಾಗಿ. ಆದ್ದರಿಂದ ಹಳಿಯ ಮಾತನ್ನೂ ಹೇಳಬೇಕು. ಪಾಲಬಾವಿಗೆ ರೈಲಿಲ್ಲ. ರೈಲು ಹಿಡಿಯುವವರು ರಾಯಬಾಗಕ್ಕೋ ಘಟಪ್ರಭೆಗೋ ಹೋಗಬೇಕು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಮೀಟರ್‌ಗೇಜಿನಲ್ಲಿ ಹಾಕಿದ ಈ ಮಾರ್ಗ ಮಿರಜದಿಂದ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ, ಗೋಕಾಕ ರೋಡ್ ಹಾದು ಬೆಳಗಾವಿಗೆ, ಅಲ್ಲಿಂದ ಲೋಂಡಾಕ್ಕೆ ಹೋಗುತ್ತದೆ. 1908ರಿಂದ ಅದು ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ, ಸ್ವಾತಂತ್ರ್ಯದ ಮೇಲೆ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ. ಈಗ ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆ. ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ಸ್ಟೇಷನ್ನಿನ ಹೆಸರಿಗೆ ಅಂಟಿದ ‘ರೋಡ್’ ಎಂಬ ಶಬ್ದವನ್ನು ಗಮನಿಸಬೇಕು. ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿದೆ ಎಂದು ಅದರ ಅರ್ಥ. ರೈಲು ಇಳಿದವನು ಚಿಕ್ಕೋಡಿ ಪಟ್ಟಣ ಕಾಣಬೇಕಾದರೆ ಮತ್ತೆ ಬಂಡಿ ಹತ್ತಬೇಕಿತ್ತು. ಈ ಸೀಮೆಯಲ್ಲಿ ರೈಲಿನ ಚರಿತ್ರೆ ಬರೆಯುವವರು ಚಕ್ಕಡಿಯ ಚರಿತ್ರೆಯನ್ನೂ ಬರೆಯಲೇಬೇಕು.

ಸಿನೆಮಾ ನಮ್ಮ ಕಡೆ ಬಂದದ್ದೂ ಇದೇ ದಾರಿಯಿಂದ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು, ಹಾಲಿಂಗ್ಸ್‌ಹೆಡ್ ತನ್ನ ಬಯಲನ್ನು ತೆರೆದು ಇನ್ನೂ ಒಂಬತ್ತು ತಿಂಗಳು ತುಂಬಿರಲಿಲ್ಲ. ಆ ಚಿತ್ರ ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ಕನ್ನಡ ಸಿನೆಮಾ ಮಾತು ಕಲಿತದ್ದು ನಮ್ಮ ಹಿತ್ತಲಲ್ಲಿ ಎಂದು ಚಿಕ್ಕೋಡಿ, ನಿಪ್ಪಾಣಿಯವರು ಹೇಳಿಕೊಂಡರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಹಳ್ಳಿಯ ಪಡದೆಗೆ ಭಾಷೆಯ ಗಡಿಯೂ ಇರಲಿಲ್ಲ. ಕನ್ನಡ ಚಿತ್ರಗಳ ಹಂಚಿಕೆಗೆ ಹುಬ್ಬಳ್ಳಿ ಕೇಂದ್ರವಾಗಿತ್ತು, ಮರಾಠಿ ಚಿತ್ರಗಳು ಮಿರಜ, ಕೊಲ್ಲಾಪುರದ ಕಡೆಯಿಂದ ಬರುತ್ತಿದ್ದವು. ರೀಲು ತುಂಬಿದ ತಗಡಿನ ಪೆಟ್ಟಿಗೆಗಳು ಬಸ್ಸಿನ ನೆತ್ತಿಯ ಮೇಲೆ, ರೈಲಿನ ಪಾರ್ಸಲ್ ಡಬ್ಬಿಯಲ್ಲಿ ಓಡಾಡುತ್ತಿದ್ದ ಕಾಲ ಅದು. ‘ಬೇಡರ ಕಣ್ಣಪ್ಪ’ ನೋಡಿದ ಕಣ್ಣುಗಳೇ ‘ಸಾಂಗತ್ಯೆ ಐಕಾ’ವನ್ನೂ ನೋಡಿದವು.

ಇನ್ನು ಡೇರೆಯ ವಿಷಯ. ಟೂರಿಂಗ್ ಟಾಕೀಜು ಕಾಯ್ದೆಗೆ ಒಳಪಟ್ಟ ವ್ಯಾಪಾರ. ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದಾಗ 1953ರ ಮುಂಬಯಿ ಸಿನಿಮಾ ನಿಯಂತ್ರಣ ಕಾಯ್ದೆ, ಏಕೀಕರಣದ ನಂತರ 1964ರ ಕರ್ನಾಟಕದ ಕಾಯ್ದೆ ಅನ್ವಯವಾಗುತ್ತಿದ್ದವು. ಲೈಸೆನ್ಸು ಬೇಕು, ಅದಕ್ಕೆ ಅವಧಿಯುಂಟು, ಅವಧಿ ಮುಗಿದರೆ ಡೇರೆ ಕೀಳಬೇಕು. ಸುತ್ತ ಕನಾತ, ನಡುವೆ ಕಂಬ, ಒಳಗೆ ನೆಲ, ಬೆಂಚು, ಕುರ್ಚಿ. ಹೆಣ್ಣುಮಕ್ಕಳಿಗೆ ಬೇರೆ ಬದಿ. ಎಣ್ಣೆ ಎಂಜಿನ್ನಿನಿಂದ ವಿದ್ಯುತ್ತು, ಇಂಗಾಲದ ಕಡ್ಡಿ ಉರಿದು ಬೆಳಕು. 35 ಮಿಲಿಮೀಟರಿನ ಸಾವಿರ ಅಡಿ ರೀಲು ಓಡುವುದು 11 ನಿಮಿಷ. ಒಂದೇ ಪ್ರೊಜೆಕ್ಟರ್ ಇದ್ದ ಡೇರೆಯಲ್ಲಿ ರೀಲು ಮುಗಿದಾಗಲೆಲ್ಲ ದೀಪ ಹತ್ತಲೇಬೇಕು. ಹಾಗಾಗಿ ಅಲ್ಲಿ ಮಧ್ಯಂತರ ಒಂದಲ್ಲ, ಹಲವು. ಹಳೇ ಮೈಸೂರು ಕಡೆಯ ಟೆಂಟುಗಳಲ್ಲಿ ಘಂಟಸಾಲರ ಕಂಠದ ತಿಮ್ಮಪ್ಪನ ಹಾಡು ಕೇಳಿಸಿದರೆ ಆಟ ಶುರುವಾಗುವ ಸೂಚನೆ. ಅಲ್ಲಿ ಟೆಂಟು ವರ್ಷಗಟ್ಟಲೆ ಒಂದೇ ಊರಲ್ಲಿ ನಿಂತು ಅರೆಕಾಯಂ ಆಗುತ್ತಿತ್ತು. ನಮ್ಮ ಕಡೆ ಅದು ಜಾತ್ರೆಯ ಬೆನ್ನು ಹತ್ತಿ ತಿರುಗಿತು.

ನನ್ನ ಮೊದಲ ಉತ್ತರ ತಪ್ಪೆಂದು ತಿಳಿದದ್ದು ಕನಾತದ ಬಳಿ. ಡೇರೆಯ ಸುತ್ತ ಕನಾತ ಕಟ್ಟುವುದೇ ಪುಕ್ಕಟೆ ನೋಡುವವರನ್ನು ತಡೆಯಲಿಕ್ಕೆ. ಚಕ್ಕಡಿ ಒಳಗೆ ಬರುವಂತಿಲ್ಲ. ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದದ್ದು ನಿಜ, ಆದರೆ ಚಕ್ಕಡಿ ಹೊರಗೆ, ಜನ ಒಳಗೆ. ವಾಹನವೇ ಆಸನವಾಗುವುದು ಡ್ರೈವ್-ಇನ್ನಿನ ಜೀವಾಳ. ಅದು ಡೇರೆಯಲ್ಲಿ ಇಲ್ಲವೇ ಇಲ್ಲ. ಡೇರೆ ಕಂಪನಿ ನಾಟಕದ ಒಡಹುಟ್ಟು. ಅದೇ ಕಂಬ, ಅದೇ ಗೇಟು, ಅದೇ ದರ್ಜೆಗಳು, ಅದೇ ಊರಿಂದೂರಿಗೆ ಮುಕ್ಕಾಮು. ಏಣಗಿ ಬಾಳಪ್ಪನವರಂಥವರು ನಾಟಕ ಕಂಪನಿ ನಡೆಸಿದ ಈ ಜಿಲ್ಲೆಯಲ್ಲಿ ಸಿನೆಮಾ ಡೇರೆಗೆ ಬೇಕಾದ ವಿದ್ಯೆಯೆಲ್ಲ ಮೊದಲೇ ಸಿದ್ಧವಿತ್ತು.

ಡ್ರೈವ್-ಇನ್ನಿಗೆ ನಿಜವಾದ ಜೋಡಿ ಬೇರೊಂದಿದೆ. ನೆನಪು ಬರೆಯುವವರು ಅದನ್ನು ಡೇರೆಯೊಳಗೆ ಸೇರಿಸಿಬಿಡುವುದರಿಂದ ಅದಕ್ಕೆ ಸ್ವಂತ ಹೆಸರೂ ಉಳಿದಿಲ್ಲ. ಅದು ವ್ಯಾನಿನ ಸಿನೆಮಾ. ರಾಜ್ಯದ ವಾರ್ತಾ ಇಲಾಖೆಯವರು, ಕೇಂದ್ರದ ಕ್ಷೇತ್ರ ಪ್ರಚಾರ ಘಟಕದವರು 16 ಮಿಲಿಮೀಟರ್ ಪ್ರೊಜೆಕ್ಟರ್ ಹೊತ್ತ ವ್ಯಾನಿನಲ್ಲಿ ಬಂದು, ಬಯಲಿನಲ್ಲಿ ಎರಡು ಕಂಬ ನೆಟ್ಟು ಪಡದೆ ಬಿಗಿದು ತೋರಿಸುತ್ತಿದ್ದ ಪುಕ್ಕಟೆ ಸಿನೆಮಾ. ಫಿಲ್ಮ್ಸ್ ಡಿವಿಜನ್ 1948ರಲ್ಲಿ ಸ್ಥಾಪನೆಯಾದ ಮೇಲೆ ಅದರ ಸುದ್ದಿಚಿತ್ರ, ಸಾಕ್ಷ್ಯಚಿತ್ರಗಳು ಹಳ್ಳಿಗೆ ತಲುಪಿದ ಒಂದು ದೊಡ್ಡ ದಾರಿ ಇದು. ಅಣೆಕಟ್ಟು, ಗೊಬ್ಬರ, ಕುಟುಂಬ ಯೋಜನೆಯ ಕೆಂಪು ತ್ರಿಕೋನ ಮೊದಲು, ಆಮೇಲೆ ಒಂದು ಕಥಾಚಿತ್ರ. ಗೇಟಿಲ್ಲ, ಕನಾತವಿಲ್ಲ, ದರ್ಜೆಯಿಲ್ಲ. ಹೊಲದಿಂದ ನೆಟ್ಟಗೆ ಬಂದವರು ಚಕ್ಕಡಿಯಲ್ಲೇ ಕೂತು ನೋಡಬಹುದಿತ್ತು, ನೋಡುತ್ತಿದ್ದರು.

ಇಲ್ಲಿ ನನ್ನ ಕಣ್ಣಾರೆ ಕಂಡದ್ದನ್ನು ದಾಖಲಿಸುತ್ತೇನೆ. 1970ರ ದಶಕದ ಮೊದಲ ವರ್ಷಗಳು, ಕಬ್ಬಿನ ಹಂಗಾಮು. ಅಪ್ಪ ಚಕ್ಕಡಿಯನ್ನು ಪಡದೆಗೆ ಎದುರಾಗಿ, ಜನರಿಂದ ಹಿಂದಕ್ಕೆ ತಂದು ನಿಲ್ಲಿಸಿದರು. ಎಂಜಿನ್ನಿನ ಸಪ್ಪಳಕ್ಕೆ ಎತ್ತು ಬೆದರಬಾರದೆಂದು ಅಷ್ಟು ದೂರ. ನೊಗ ಬಿಚ್ಚಿ ಎತ್ತುಗಳನ್ನು ಗಾಲಿಗೆ ಕಟ್ಟಿ ಕಣಕಿ ಹಾಕಿದರು. ಎತ್ತು ಬಿಟ್ಟ ಚಕ್ಕಡಿ ತಾನಾಗಿ ಮೂಕಿ (ನೊಗಕ್ಕೆ ಸೇರುವ ಮುಂದಿನ ಮರ) ನೆಲಕ್ಕೂರಿ ಮುಂದಕ್ಕೆ ಬಾಗುತ್ತದೆ. ಹಾಗೆ ಬಿಟ್ಟರೆ ಒಳಗೆ ಕೂತವರು ಜಾರಿ ಮುಂದೆ ಬೀಳುತ್ತಾರೆ. ಅದಕ್ಕೆ ಮೂಕಿಯ ಕೆಳಗೆ ಆನಿಕೆ ಕೋಲು ಕೊಡುವುದು ಎಲ್ಲ ರೈತರ ವಾಡಿಕೆ. ಆವತ್ತು ಅಪ್ಪ ಕೋಲಿನ ಕೆಳಗೆ ಒಂದು ಕಲ್ಲನ್ನೂ ಇಟ್ಟು ಮೂಕಿಯನ್ನು ಗೇಣುದ್ದ ಹೆಚ್ಚಿಗೆ ಎತ್ತಿದರು. ಗಾಲಿ ಉರುಳದ ಹಾಗೆ ಹಿಂದೆ ಇನ್ನೆರಡು ಕಲ್ಲು. ಚಕ್ಕಡಿಯ ಮೈ ತುಸು ಹಿಂದಕ್ಕೆ ವಾಲಿತು. ಹಿಂಬದಿಗೆ ಕಣಕಿ ಸಿವುಡು ಒಟ್ಟಿ ಮೇಲೆ ಕೌದಿ ಹಾಸಿದರು. ನಾವು ಮಕ್ಕಳು ಅದಕ್ಕೆ ಬೆನ್ನು ಕೊಟ್ಟು ಕೂತೆವು. ಮುಂದೆ ನೆಲದ ಮೇಲೆ ಕೂತವರ ರುಮಾಲುಗಳ ಮೇಲಿಂದ ಪಡದೆ ಪೂರ್ತಿ ಕಾಣುತ್ತಿತ್ತು.

ಮೂತಿ ಎತ್ತು, ಹಿಂದಕ್ಕೆ ವಾಲಿಸು, ಮುಂದಿನವರ ತಲೆಯ ಮೇಲಿಂದ ನೋಡು. ಹಾಲಿಂಗ್ಸ್‌ಹೆಡ್ ಪೇಟೆಂಟು ಪಡೆದ ಯುಕ್ತಿಯೂ ಇದೇ. ಅವನು ಅದನ್ನು ಮಣ್ಣಿನ ದಿಬ್ಬದಿಂದ ಸಾಧಿಸಿದ, ನಮ್ಮವರು ಒಂದು ಕೋಲು, ಒಂದು ಕಲ್ಲಿನಿಂದ. ಅವನ ಹೆಸರೂ ಗೊತ್ತಿಲ್ಲದ ರೈತರು ಅದೇ ಉತ್ತರಕ್ಕೆ ಬಂದರು ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ವಾಹನದಲ್ಲಿ ಕೂತು ಚಿತ್ರ ನೋಡಬೇಕೆನ್ನುವವನಿಗೆ, ಅವನು ಎಲ್ಲಿಯವನೇ ಇರಲಿ, ಮೊದಲು ಎದುರಾಗುವ ತೊಡಕು ಮುಂದಿರುವವನ ತಲೆ.

ಕಾರಿಗೂ ಚಕ್ಕಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾರು ಬಾಗಿಲು ಹಾಕಿಕೊಂಡು ಒಂದು ಮನೆಯಾಗುತ್ತದೆ. ಡ್ರೈವ್-ಇನ್ನಿನಲ್ಲಿ ಮೊದಲು ಪಡದೆಯ ಬಳಿ ದೊಡ್ಡ ಧ್ವನಿವರ್ಧಕಗಳಿದ್ದವು. 1940ರ ದಶಕದಿಂದ ಪ್ರತಿ ಕಾರಿನ ಕಿಟಕಿಗೂ ಒಂದು ಪುಟ್ಟ ಸ್ಪೀಕರ್ ಬಂದ ಮೇಲೆ ಪ್ರತಿ ಕುಟುಂಬಕ್ಕೂ ತನ್ನದೇ ಸದ್ದು. ಚಕ್ಕಡಿಗೆ ಬಾಗಿಲಿಲ್ಲ. ಪಡದೆಯ ಬಳಿಯ ಒಂದೇ ಕರ್ಣದ, ಅಂದರೆ ಧ್ವನಿವರ್ಧಕದ, ಸದ್ದು ಎಲ್ಲರಿಗೂ. ಮಾಳಿಗೆಯ ಮೇಲೆ ಮಲಗಿದವರೂ, ಹೊಲದಲ್ಲಿ ನೀರು ಹಾಯಿಸುತ್ತಿದ್ದವರೂ ಸಿನೆಮಾವನ್ನು ಕೇಳುತ್ತಿದ್ದರು. ಅದರ ನಡುವೆ ಎತ್ತಿನ ಕೊರಳ ಗಂಟೆ. ಪಕ್ಕದ ಚಕ್ಕಡಿಯ ಮುದುಕಿ ನಮ್ಮ ಚಕ್ಕಡಿಗೆ ಶೇಂಗಾ ಹಿಂಡಿ, ಸಜ್ಜಿ ರೊಟ್ಟಿ ದಾಟಿಸುವುದಕ್ಕೆ ಯಾವ ಕಿಟಕಿಯೂ ಅಡ್ಡ ಇರಲಿಲ್ಲ.

ಇನ್ನೊಂದು ವಿಷಯ ಡ್ರೈವ್-ಇನ್ನಿನಲ್ಲಿ ಆಗುವಂತೆಯೇ ಇರಲಿಲ್ಲ. ಬಯಲಲ್ಲಿ ಕಟ್ಟಿದ ಬಟ್ಟೆಯ ಪಡದೆಯ ಮೇಲೆ ಚಿತ್ರ ಎರಡೂ ಬದಿಗೆ ಮೂಡುತ್ತದೆ. ಮುಂದೆ ಜಾಗ ಸಿಗದವರು ಹಿಂದೆ ಹೋಗಿ ಕೂಡುತ್ತಿದ್ದರು. ಅಲ್ಲಿ ಎಲ್ಲವೂ ಎಡಬಲ ಅದಲುಬದಲು. ನಾಯಕ ಎಡಗೈಯಲ್ಲಿ ಕತ್ತಿ ಹಿಡಿಯುತ್ತಾನೆ, ಹೆಣ್ಣುಮಕ್ಕಳ ಸೆರಗು ಬಲ ಹೆಗಲಿಗೆ ಬರುತ್ತದೆ, ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ. ಓದು ಬಾರದವರಿಗೆ ಅಕ್ಷರ ತಿರುಗಿದರೆ ನಷ್ಟವೇನೂ ಇರಲಿಲ್ಲ. ಆದರೆ ಶಾಲೆಗೆ ಹೋಗುತ್ತಿದ್ದ ನಾವು ಒಮ್ಮೆ ಬೇಕೆಂದೇ ಹಿಂದೆ ಕೂತು, ಚಿತ್ರದ ಹೆಸರನ್ನು ತಿರುಗು ಮುರುಗಾಗಿ ಓದುವ ಪಂಥ ಕಟ್ಟಿದ್ದೆವು. ಬೆಳಕನ್ನು ಆಚೆ ಬಿಡದ ಡ್ರೈವ್-ಇನ್ನಿನ ಗಟ್ಟಿ ಪಡದೆಯ ಹಿಂದೆ ಜಗತ್ತೇ ಇಲ್ಲ. ನಮ್ಮ ತೆಳು ಬಟ್ಟೆಯ ಹಿಂದೆ ಅರ್ಧ ಊರು ಕೂತಿತ್ತು.

ಚಕ್ಕಡಿಯಲ್ಲಿ ಬಂದು ಬಯಲಲ್ಲಿ ಕೂತು ನೋಡುವ ಈ ರೂಢಿ ಸಿನೆಮಾದಿಂದ ಹುಟ್ಟಿದ್ದಲ್ಲ. ನೆರೆಯ ಮೂಡಲಗಿ ತಾಲೂಕಿನ ಕುಲಗೋಡ ಶ್ರೀಕೃಷ್ಣ ಪಾರಿಜಾತದ ನೆಲೆ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟವಾಗಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದವಳು. ಪಾರಿಜಾತ ಇಡೀ ರಾತ್ರಿಯ ಆಟ. ಸುತ್ತಲ ಹಳ್ಳಿಯವರು ಬುತ್ತಿ, ಹಾಸಿಗೆ ಕಟ್ಟಿಕೊಂಡು ಚಕ್ಕಡಿಯಲ್ಲಿ ಬಂದು, ಬೆಳಗಾದ ಮೇಲೆ ಚಕ್ಕಡಿ ಹೂಡಿಕೊಂಡು ಹೊಲಕ್ಕೇ ಹೋಗುತ್ತಿದ್ದರು. ಸಣ್ಣಾಟ, ದೊಡ್ಡಾಟಗಳಿಗೂ ಹೀಗೆಯೇ. ವ್ಯಾನಿನ ಸಿನೆಮಾ ಬಂದಾಗ ಜನ ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ಆಟಕ್ಕೆ ಕೂಡುತ್ತಿದ್ದ ಹಾಗೆಯೇ ಪಡದೆಗೂ ಕೂತರು. ಹಳ್ಳಿಗರು ಸಿನೆಮಾ ಕಂಡು ಬೆರಗಾದರು ಎಂದು ಬರೆಯುವವರು ಈ ತಯಾರಿಯನ್ನು ಮರೆಯುತ್ತಾರೆ. ನೋಡುವುದರಲ್ಲಿ ನಮ್ಮ ಜನ ಆಗಲೇ ಪಳಗಿದವರಾಗಿದ್ದರು.

ಚಕ್ಕಡಿಗಳ ಸಂಖ್ಯೆ ನೋಡಬೇಕೆಂದರೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಬೇಕು. ಭಾರತ ಹುಣ್ಣಿಮೆಯ ಸುಮಾರಿಗೆ ಮಹಾರಾಷ್ಟ್ರದಿಂದ ಎತ್ತಿನ ಗಾಡಿ, ಕುದುರೆ ಗಾಡಿಗಳ ಸಾಲು ಇಂದಿಗೂ ಬರುತ್ತದೆ. ಬಯಲು ತುಂಬ ಬಂಡಿ, ಭಂಡಾರದ ಹಳದಿ, ಒಲೆಯ ಹೊಗೆ. ಇಲ್ಲಿ ಚಕ್ಕಡಿ ಕೇವಲ ವಾಹನವಲ್ಲ, ನಾಲ್ಕು ದಿನದ ಮನೆ. ಜಾತ್ರೆಯ ಡೇರೆಗೆ ಹೋಗಿ ಸಿನೆಮಾ ನೋಡಿ ಬಂದವರು ಮಲಗುತ್ತಿದ್ದದ್ದು ಈ ಮನೆಯ ಕೆಳಗೆ, ಗಾಲಿಗಳ ನಡುವೆ.

ಅಂತ್ಯದ ಕಥೆ ಎಲ್ಲರಿಗೂ ಗೊತ್ತಿರುವಂಥದೇ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ನಡೆದ ಟಿ.ವಿ. ಪ್ರಯೋಗದಲ್ಲಿ ನಮ್ಮ ಅಥಣಿಗೆ ಹೊಂದಿಕೊಂಡ ವಿಜಾಪುರ ಜಿಲ್ಲೆಯ ಹಳ್ಳಿಗಳೂ ಇದ್ದವು. ಅಲ್ಲಿ ಜನ ಒಂದೇ ಟಿ.ವಿ.ಯ ಮುಂದೆ ಬಯಲಲ್ಲಿ ಕೂತರು. 1980ರ ದಶಕದಲ್ಲಿ ಬಾಡಿಗೆಯ ವಿಡಿಯೋ ಬಂತು, ಗಣಪತಿ ಹಬ್ಬಕ್ಕೆ ಒಂದೇ ರಾತ್ರಿ ಮೂರು ಪಿಚ್ಚರು. ಆಮೇಲೆ ಕೇಬಲ್ಲು. ವ್ಯಾನು ಬರುವುದು ನಿಂತಿತು, ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಗಡಿಯಾಚೆ ಮಹಾರಾಷ್ಟ್ರದ ಜಾತ್ರೆಗಳಲ್ಲಿ ಡೇರೆ ಮಾತ್ರ ಇನ್ನೂ ಕೆಲ ಕಾಲ ಉಸಿರು ಹಿಡಿದಿತ್ತು. ಆ ಕೊನೆಯ ದಿನಗಳನ್ನು ಶರ್ಲಿ ಅಬ್ರಹಾಂ ಮತ್ತು ಅಮಿತ್ ಮಧೇಶಿಯಾ ‘ದಿ ಸಿನೆಮಾ ಟ್ರಾವೆಲರ್ಸ್’ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟರು. 2016ರಲ್ಲಿ ಅದು ಕಾನ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಡೇರೆಗಾದರೂ ಇಂಥದೊಂದು ದಾಖಲೆ ಉಳಿಯಿತು. ಮೂಕಿ ಎತ್ತಿ ನಿಲ್ಲಿಸಿದ ಚಕ್ಕಡಿಗೆ ಅಂಥ ಭಾಗ್ಯ ಸಿಗಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಬಂಧುವಿಗೆ ನಾನು ಕಳಿಸಿದ ಎರಡನೆಯ ಉತ್ತರದಲ್ಲಿ ಅಳತೆಗಳೂ ಇವೆ. ಅವರು ಬಳಸುವುದು 87ಕ್ಕೆ 1ರ ಪ್ರಮಾಣ, ಅಂದರೆ ಒಂದು ಅಡಿಗೆ ಮೂರೂವರೆ ಮಿಲಿಮೀಟರು. ಮೀಟರ್‌ಗೇಜಿಗೆ 12 ಮಿಲಿಮೀಟರಿನ ಹಳಿ ಸಿಗುತ್ತದೆ, ಲೆಕ್ಕಕ್ಕೆ ಸಾಕಷ್ಟು ಹತ್ತಿರ. ಎಂಜಿನ್ನು ವೈಪಿ ಅಥವಾ ವೈಜಿ ಇರಲಿ. 16 ಅಡಿಯ ಪಡದೆ 56 ಮಿಲಿಮೀಟರ್ ಆಗುತ್ತದೆ. ಅದನ್ನು ಅಟ್ಟೆಯಿಂದ ಮಾಡದೆ ತೆಳು ಬಟ್ಟೆಯಿಂದಲೇ ಮಾಡಬೇಕು, ಯಾಕೆಂದರೆ ಹಿಂದೆಯೂ ಜನ ಕೂಡಬೇಕು. ಐದಡಿ ಗಾಲಿ ಹದಿನೇಳೂವರೆ ಮಿಲಿಮೀಟರು. ಪ್ರತಿ ಚಕ್ಕಡಿಯ ಮೂಕಿಯ ಕೆಳಗೆ ಕಡ್ಡಿಯ ಚೂರೊಂದು ಆನಿಕೆಯಾಗಿ ಇರಲೇಬೇಕು. ಕೋಲಿಲ್ಲದಿದ್ದರೆ ಅದು ಸುಮ್ಮನೆ ನಿಂತ ಚಕ್ಕಡಿ, ಸಿನೆಮಾ ನೋಡುವ ಚಕ್ಕಡಿಯಲ್ಲ. ಡೇರೆಯನ್ನೂ ಇಡಬಹುದು, ಚಿಂಚಲಿ ಸ್ಟೇಷನ್ನಿನ ಕಡೆ, ಜಾತ್ರೆಯ ನಡುವೆ. ಅದು ಬೇರೆಯೇ ವಸ್ತು ಎಂಬುದು ಗೊತ್ತಿದ್ದರಾಯಿತು.

ಪಾಲಬಾವಿ, ಮುಗಳಖೋಡ, ಹಾರೂಗೇರಿ, ಕುಡಚಿ, ಕಾಗವಾಡದ ಕಡೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಲ್ಲಿ ವ್ಯಾನಿನ ಪಡದೆ ಕಟ್ಟುತ್ತಿದ್ದ ಬಯಲು ಯಾವುದು, ಚಕ್ಕಡಿಗಳು ಯಾವ ಬದಿಗೆ ನಿಲ್ಲುತ್ತಿದ್ದವು, ಆನಿಕೆ ಕೋಲಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು ಎಂಬುದನ್ನು ಎಪ್ಪತ್ತು ದಾಟಿದವರನ್ನು ಕೇಳಿ ಈ ವರ್ಷವೇ ಬರೆದಿಡಿ. ಹಳೆಯ ಚಕ್ಕಡಿ ಅಟ್ಟದ ಮೇಲೋ ದನದ ಕೊಟ್ಟಿಗೆಯಲ್ಲೋ ಬಿಡಿಬಿಡಿಯಾಗಿ ಬಿದ್ದಿದ್ದರೆ ಗಾಲಿಯ ಜೊತೆ ಆ ಕೋಲನ್ನೂ ಕಾಯ್ದಿಡಿ. ಅದನ್ನು ಒಲೆಗೆ ಹಾಕಬೇಡಿ.